ಮನೆಯಲ್ಲೇ ಬೋಬಾ ಮುತ್ತು: ಮುದ್ದೆ ಮಾಡೋ ಕೈಗೆ ಕಷ್ಟವಲ್ಲ

ಮಧುಗಿರಿ: ಬೆಂಗಳೂರಿಂದ ರಜೆಗೆ ಬರೋ ಮಕ್ಕಳು ಕೇಳುವ ‘ಬಬಲ್ ಟೀ’ 1980ರ ದಶಕದಲ್ಲಿ ತೈವಾನ್‌ನಲ್ಲಿ ಹುಟ್ಟಿದ್ದು. ಲೋಟದ ತಳದಲ್ಲಿರುವ ಕಪ್ಪು ಗುಂಡು, ಅಂದರೆ ಬೋಬಾ, ನಮ್ಮ ಸಬ್ಬಕ್ಕಿಯ ಸಂಬಂಧಿಯೇ. ಎರಡೂ ಮರಗೆಣಸಿನ ಪಿಷ್ಟದಿಂದ ಆಗೋದು. ಆದರೆ ಪಾಯಸದ ಸಬ್ಬಕ್ಕಿ ಬೇಯಿಸಿದರೆ ಆ ಜಗಿತ ಬರಲ್ಲ, ಅಂಟಂಟಾಗುತ್ತೆ. ‘ಟ್ಯಾಪಿಯೋಕಾ ಸ್ಟಾರ್ಚ್’ ಅಂತಲೇ ಕೇಳಿ ತನ್ನಿ. ಕಾರ್ನ್‌ಫ್ಲೋರ್ ಬದಲಿಯಲ್ಲ.

ಹಸಿ ಮರಗೆಣಸು ತಂದು ಮನೆಯಲ್ಲೇ ಹಿಟ್ಟು ಮಾಡುವ ಸಾಹಸ ಮಾತ್ರ ಬೇಡ. ಹಸಿ ಗೆಡ್ಡೆಯಲ್ಲಿ ಸೈನೈಡ್ ಬಿಡುವ ಅಂಶ ಇರುತ್ತೆ. ಸೇಲಂ ಕಡೆಯ ಕಾರ್ಖಾನೆಗಳಲ್ಲಿ ಗೆಡ್ಡೆ ಅರೆದು, ನೀರಲ್ಲಿ ತೊಳೆದು, ತಳಕ್ಕಿಳಿದ ಪಿಷ್ಟವನ್ನಷ್ಟೇ ತೆಗೆಯುತ್ತಾರೆ.

120 ಗ್ರಾಂ ಪಿಷ್ಟಕ್ಕೆ 50 ಗ್ರಾಂ ಕಪ್ಪು ಬೆಲ್ಲ, 70 ಮಿ.ಲೀ. ನೀರು. ಬೆಲ್ಲ ಕರಗಿಸಿ ಶೋಧಿಸಿ ಮತ್ತೆ ಕುದಿಸಿ. ಮುದ್ದೆಗೆ ಎಸರು ಕುದಿಯುವ ಹಾಗೆ ಇದೂ ಚೆನ್ನಾಗಿ ಕುದಿಯಬೇಕು, ಕೆಲಸ ಕೆಡೋದು ಇಲ್ಲೇ. ತಣ್ಣೀರಲ್ಲಿ ಪಿಷ್ಟ ಕಲಸಿದರೆ ಒತ್ತಿದಾಗ ಗಟ್ಟಿ, ಬಿಟ್ಟರೆ ನೀರು. ಉಂಡೆ ಆಗೋದೇ ಇಲ್ಲ. ಬಿಸಿಗೆ ಅರ್ಧ ಪಿಷ್ಟ ಹಾಕಿ ಅಂಟು ಬರುವ ತನಕ ತಿರುವಿ, ಒಲೆ ಆರಿಸಿ, ಉಳಿದದ್ದು ಸೇರಿಸಿ ಕೈ ಸುಡದಷ್ಟು ಬಿಸಿ ಇರುವಾಗಲೇ ನಾದಿ. ಬಿರುಕು ಬಿಟ್ಟರೆ ಒಂದು ಚಮಚ ಬಿಸಿನೀರು, ಅಂಟಿದರೆ ಚೂರು ಪಿಷ್ಟ. ಪಾವಗಡದ ಬಿಸಿಲಿಗೆ ಹಿಟ್ಟು ಬೇಗ ಒಣಗುತ್ತೆ, ಒದ್ದೆ ಬಟ್ಟೆ ಮುಚ್ಚಿಡಿ.

ಕಡಲೆಕಾಳಿಗಿಂತ ದೊಡ್ಡದು ಬೇಡ. ಗುಂಡು ಮಾಡಿ ಪಿಷ್ಟದಲ್ಲಿ ಹೊರಳಿಸಿ, ಧಾರಾಳ ಕುದಿನೀರಿಗೆ ಬಿಡಿ. ತೇಲಿದ ಮೇಲೆ 20 ನಿಮಿಷ ಬೇಯಿಸಿ, ಒಲೆ ಆರಿಸಿ 15 ನಿಮಿಷ ಮುಚ್ಚಿಡಿ. ಒಂದನ್ನು ಕತ್ತರಿಸಿದಾಗ ನಡುವೆ ಬಿಳಿ ಚುಕ್ಕೆ ಕಂಡರೆ ಇನ್ನೂ ಬೇಯಬೇಕು. ಬೆಂದ ಗುಂಡನ್ನು ತಣ್ಣೀರಲ್ಲಿ ಅದ್ದಿ ಬೆಲ್ಲದ ಪಾಕಕ್ಕೆ ಹಾಕಿ.

ಬಿಸಿ ಹಾಲಿಗೆ ಬೆಲ್ಲದ ಪಾಕ ಸುರಿದರೆ ಒಡೆಯಬಹುದು. ಟೀ, ಹಾಲು ಆರಿಸಿಯೇ ಬೆರೆಸಿ.

ಜ್ಯೂಸ್ ಅಂಗಡಿಯವರು ಗಮನಿಸಬೇಕಾದ್ದು: ಬೆಂದ ಮುತ್ತು ನಾಲ್ಕೈದು ಗಂಟೆಯೊಳಗೆ ಖರ್ಚಾಗಬೇಕು. ಫ್ರಿಜ್‌ಗೆ ಇಟ್ಟರೆ ಪಿಷ್ಟ ಬಿರುಸಾಗಿ ಜಗಿತ ಹೋಗುತ್ತೆ. ಬೆಳಿಗ್ಗೆ ಒಂದು ಪಾತ್ರೆ, ಸಂಜೆ ಒಂದು ಪಾತ್ರೆ ಬೇಯಿಸೋದೇ ವಾಸಿ. ಬೇಯಿಸದ ಗುಂಡನ್ನು ಫ್ರೀಜರ್‌ನಲ್ಲಿ ಇಟ್ಟುಕೊಳ್ಳಬಹುದು. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ದೊಡ್ಡ ಮಕ್ಕಳಿಗೂ ಸ್ಟ್ರಾ ಬದಲು ಚಮಚ ಕೊಟ್ಟು, ಅಗಿದು ತಿನ್ನಲು ಹೇಳಿ.