ತಲಕಾಡಿನ ಹಗೆ, ದೋರಸಮುದ್ರದ ನಂಟು: ಹೊಯ್ಸಳ-ಚೋಳ ವೈವಾಹಿಕ ಸಂಬಂಧ

ಹಾಸನ ಜಿಲ್ಲೆಯ ಬೇಲೂರು, ಹಳೇಬೀಡು ಮತ್ತು ಅರಸೀಕೆರೆಗಳು ಶಿಲ್ಪಕಲೆಗೆ ಹೆಸರಾಗಿವೆ. ಆದರೆ ಈ ನೆಲದ ಅರಸರು ಬದ್ಧವೈರಿಗಳಾಗಿದ್ದ ಚೋಳರೊಡನೆ ನಂಟಸ್ತಿಕೆ ಬೆಳೆಸಿದ ಸಂಗತಿ ಪ್ರವಾಸಿಗರ ಗಮನಕ್ಕೆ ಬರುವುದು ಕಡಿಮೆ.

ಹಗೆಯ ಮೂಲ

11ನೇ ಶತಮಾನದ ಆರಂಭದಲ್ಲಿ ಚೋಳರು ಗಂಗವಾಡಿಯನ್ನು ಗೆದ್ದು, ತಲಕಾಡಿಗೆ ರಾಜರಾಜಪುರ ಎಂದು ಹೆಸರಿಟ್ಟಿದ್ದರು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು 1116ರ ಸುಮಾರಿಗೆ ಚೋಳರ ಸಾಮಂತ ಅದಿಯಮನನ್ನು ಸೋಲಿಸಿ ತಲಕಾಡನ್ನು ವಶಪಡಿಸಿಕೊಂಡನು. ವಿಷ್ಣುವರ್ಧನನು 'ತಲಕಾಡುಗೊಂಡ' ಎಂಬ ಬಿರುದು ಧರಿಸಿದನು. ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆ ನಡೆದದ್ದು ಅದರ ಮರುವರ್ಷ, 1117ರಲ್ಲಿ.

ಹಗೆಯಿಂದ ನಂಟಿಗೆ

ವಿಷ್ಣುವರ್ಧನನ ಮೊಮ್ಮಗ ಇಮ್ಮಡಿ ವೀರಬಲ್ಲಾಳನ (1173-1220) ಕಾಲಕ್ಕೆ ಪರಿಸ್ಥಿತಿ ಬದಲಾಗಿತ್ತು. ಚೋಳರು ಕ್ಷೀಣಿಸುತ್ತಿದ್ದರು, ಮಧುರೆಯ ಪಾಂಡ್ಯರು ಪ್ರಬಲರಾಗುತ್ತಿದ್ದರು. ಬಲ್ಲಾಳನ ರಾಣಿಯರಲ್ಲಿ ಒಬ್ಬಳು ಚೋಳ ರಾಜಕುಮಾರಿ. ಆಕೆಯನ್ನು ಚೋಳಮಹಾದೇವಿ ಎಂದು ಕರೆಯಲಾಗಿದೆ.

ಪಾಂಡ್ಯ ಮಾರವರ್ಮನ್ ಸುಂದರನು ಮೂರನೇ ಕುಲೋತ್ತುಂಗ ಚೋಳನನ್ನು ರಾಜ್ಯಭ್ರಷ್ಟನನ್ನಾಗಿಸಿದಾಗ ಚೋಳರ ನೆರವಿಗೆ ಧಾವಿಸಿದ್ದು ಹೊಯ್ಸಳ ಸೈನ್ಯ. ಹೊಯ್ಸಳರು 'ಚೋಳರಾಜ್ಯ ಪ್ರತಿಷ್ಠಾಚಾರ್ಯ' ಎಂಬ ಬಿರುದು ಪಡೆದರು. ಅರಸೀಕೆರೆಯ ಈಶ್ವರ ದೇವಾಲಯ ನಿರ್ಮಾಣವಾದದ್ದೂ ಈ ಅವಧಿಯಲ್ಲೇ, 1220ರ ಸುಮಾರಿಗೆ. 'ಅರಸಿಯ ಕೆರೆ' ಎಂಬ ಆ ಊರಿನ ಹೆಸರಲ್ಲೇ ರಾಣಿಯೊಬ್ಬಳ ನೆನಪು ಉಳಿದಿದೆ.

1231ರ ಸುಮಾರಿಗೆ ಕಾಡವ ನಾಯಕ ಕೋಪ್ಪೆರುಂಜಿಂಗನು ಮೂರನೇ ರಾಜರಾಜ ಚೋಳನನ್ನು ಸೇಂದಮಂಗಲದಲ್ಲಿ ಸೆರೆಯಲ್ಲಿಟ್ಟನು. ಬಲ್ಲಾಳನ ಮಗ ಇಮ್ಮಡಿ ನರಸಿಂಹನು ದಂಡನಾಯಕರಾದ ಅಪ್ಪಣ್ಣ ಮತ್ತು ಸಮುದ್ರ ಗೋಪಯ್ಯರನ್ನು ಕಳುಹಿಸಿ ಚೋಳ ಅರಸನನ್ನು ಬಿಡಿಸಿದನು. ತಮಿಳುನಾಡಿನ ತಿರುವೇಂದಿಪುರಂ ಶಾಸನವು ಈ ದಂಡಯಾತ್ರೆಯನ್ನು ವಿವರವಾಗಿ ದಾಖಲಿಸಿದೆ.

ನಂಟಿನ ಬೆಲೆ

ಇಂಗ್ಲೆಂಡಿನಲ್ಲಿ ಲ್ಯಾಂಕಾಸ್ಟರ್ ಪಕ್ಷದ ಏಳನೇ ಹೆನ್ರಿಯು 1486ರ ಜನವರಿ 18ರಂದು ಯಾರ್ಕ್ ಮನೆತನದ ಎಲಿಜಬೆತ್‌ಳನ್ನು ವರಿಸಿದಾಗ ಎರಡು ಮನೆತನಗಳ ಹಕ್ಕು ಒಂದೇ ಸಂತಾನದಲ್ಲಿ ಸೇರಿತು. ಅಲ್ಲಿ ಇದ್ದದ್ದು ಒಂದೇ ಸಿಂಹಾಸನ. ಇಲ್ಲಿ ಸಿಂಹಾಸನಗಳು ಎರಡು, ನಾಡುಗಳೂ ಎರಡು. ಹೀಗಾಗಿ ಮದುವೆಯಿಂದ ಹೊಯ್ಸಳ ಮತ್ತು ಚೋಳ ರಾಜ್ಯಗಳು ಒಂದಾಗಲಿಲ್ಲ. ಕಾವೇರಿಯ ಕೆಳದಂಡೆಯ ರಾಜಕಾರಣದಲ್ಲಿ ಹೊಯ್ಸಳರು ಆಳವಾಗಿ ತೊಡಗಿಕೊಳ್ಳುವಂತಾಯಿತು.

ನರಸಿಂಹನ ಮಗ ಸೋಮೇಶ್ವರನು ಶ್ರೀರಂಗದ ಸಮೀಪದ ಕಣ್ಣಾನೂರಿನಲ್ಲೇ ನೆಲೆಸಿದನು. ತಮಿಳು ಶಾಸನಗಳು ಆತನನ್ನು 'ಮಾಮಡಿ', ಅಂದರೆ ಮಾವ ಎಂದು ಕರೆದಿವೆ. ಆದರೆ ಮಾವನ ಮಾತೇ ಕೊನೆಯಾಗಲಿಲ್ಲ. ಮೂರನೇ ರಾಜೇಂದ್ರ ಚೋಳನ ಶಾಸನವು ಆತನನ್ನು ಮಾಮಡಿ ಸೋಮೇಶ್ವರನ ಪಾಲಿಗೆ ಕಾಲದಂಡ ಎಂದು ಬಣ್ಣಿಸುವಷ್ಟು ಸಂಬಂಧ ಹಳಸಿತು.

1254ರ ಸುಮಾರಿಗೆ ರಾಜ್ಯವೇ ಇಬ್ಭಾಗವಾಯಿತು. ದೋರಸಮುದ್ರವು, ಅಂದರೆ ಇಂದಿನ ಹಳೇಬೀಡು, ಮೂರನೇ ನರಸಿಂಹನಿಗೂ ಕಣ್ಣಾನೂರು ರಾಮನಾಥನಿಗೂ ಸೇರಿದವು. 1262ರ ಸುಮಾರಿಗೆ ಪಾಂಡ್ಯರೊಡನೆ ಹೋರಾಡುತ್ತ ಸೋಮೇಶ್ವರನು ಮಡಿದನು. 1279ರಲ್ಲಿ ಚೋಳ ವಂಶದ ಆಳ್ವಿಕೆಯೂ ಕೊನೆಗೊಂಡಿತು.

2023ರಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇಗುಲಗಳು ಯುನೆಸ್ಕೊ ವಿಶ್ವಪರಂಪರೆ ಪಟ್ಟಿಗೆ ಸೇರಿದವು. ತಲಕಾಡಿನ ಗೆಲುವು ಕನ್ನಡ ನಾಡಿನಲ್ಲಿ ಹೊಯ್ಸಳರ ನೆಲೆಯನ್ನು ಗಟ್ಟಿಗೊಳಿಸಿತ್ತು. ಚೋಳರ ನಂಟಾದರೋ ಅವರನ್ನು ಆ ನೆಲೆಯಿಂದ ದೂರ ಸೆಳೆದು, ಒಂದು ರಾಜ್ಯಕ್ಕೆ ಎರಡು ರಾಜಧಾನಿಗಳನ್ನು ಉಳಿಸಿ ಹೋಯಿತು.