ಕುದುರೆ ತುಳಿದ ಅರವತ್ನಾಲ್ಕು ಮನೆ

ಜರಗನಹಳ್ಳಿಯ ನಮ್ಮ ಮನೆಯ ಮಹಡಿಯ ಮೇಲೆ ಅಕ್ಕನ ಮಗ ಗೇಮ್ ಮಾಡುತ್ತಾನೆ. ಕನಕಪುರ ರಸ್ತೆಯ ಮೆಟ್ರೊ ಸದ್ದು ಅಲ್ಲಿಗೂ ಕೇಳುತ್ತದೆ. ಅವನ ಆಟದ ಬೆಟ್ಟ, ಹೊಳೆ, ಊರುಗಳನ್ನು ಯಾರೂ ಕೂತು ಬಿಡಿಸಿಲ್ಲ. ಒಂದು ಅಂಕಿ ಕೊಟ್ಟರೆ ನಿಯಮಗಳೇ ನೆಲ ಹುಟ್ಟಿಸುತ್ತವೆ. ಅದೇ ಅಂಕಿಯನ್ನು ಮತ್ತೆ ಕೊಟ್ಟರೆ ಅದೇ ಬೆಟ್ಟ, ಅದೇ ಹೊಳೆ. ಆ ಅಂಕಿಗೆ ಅವರ ಕಸುಬಿನಲ್ಲಿ ಸೀಡ್ ಅನ್ನುತ್ತಾರೆ.

“ಇಂಥದ್ದು 1980ರ ರೋಗ್ ಆಟದಲ್ಲೇ ಇತ್ತು ಮಾಮ” ಎಂದ. 1984ರ ಎಲೀಟ್ ಇನ್ನೂ ಸೋಜಿಗದ್ದಂತೆ. 32 ಕೆಬಿ ಮೆಮೊರಿಯ ಕಂಪ್ಯೂಟರಿನಲ್ಲಿ ಎಂಟು ಗೆಲಾಕ್ಸಿ, ಒಂದೊಂದರಲ್ಲೂ 256 ಗ್ರಹ. ಅಷ್ಟನ್ನು ಬರೆದಿಡಲು ಜಾಗವಿಲ್ಲ, ಆದ್ದರಿಂದ ಬೇಕಾದಾಗ ಲೆಕ್ಕ ಹಾಕಿ ಹುಟ್ಟಿಸಿದರು.

ನಮ್ಮ ಹಿರಿಯರು ಎಲ್ಲವನ್ನೂ ಮೊದಲೇ ಕಂಡುಹಿಡಿದಿದ್ದರು ಎನ್ನುವ ಚಟ ನನಗಿಲ್ಲ. ಆದರೂ ಕಪಾಟಿನಿಂದ ಚದುರಂಗದ ಮಣೆ ತಂದಿಟ್ಟು, ಕುದುರೆಯನ್ನು ಒಂದು ಮೂಲೆಯಲ್ಲಿ ನಿಲ್ಲಿಸಿದೆ. ಅದು ತನ್ನ ನಡೆಯಲ್ಲೇ 64 ಮನೆಗಳನ್ನೂ ಒಂದೊಂದು ಸಲ ಮಾತ್ರ ತುಳಿಯಬೇಕು.

ಒಂಬತ್ತನೆಯ ಶತಮಾನದ ಕಾಶ್ಮೀರದ ರುದ್ರಟ ಇದನ್ನು ಪದ್ಯದೊಳಗೆ ತಂದ. 32 ಅಕ್ಷರಗಳ ಶ್ಲೋಕವನ್ನು ಅರ್ಧ ಮಣೆಯಲ್ಲಿ ತುಂಬಿ, ಕುದುರೆಯ ನಡೆಯಲ್ಲಿ ಓದಿದರೂ ಅದೇ ಶ್ಲೋಕ ಬರುವಂತೆ ಮಾಡಿದ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲೂ ಕುದುರೆಯ ನಡೆಯ ವಿಚಾರವಿದೆ.

ನನ್ನನ್ನು ಹಿಡಿದಿಡುವವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು. 1831ರಲ್ಲಿ ಬ್ರಿಟಿಷರು ಅವರಿಂದ ಆಡಳಿತ ಕಿತ್ತುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೆ ಪಟ್ಟ ಇತ್ತು, ಅಧಿಕಾರ ಇರಲಿಲ್ಲ. ಆ ಮೂವತ್ತೇಳು ವರ್ಷಗಳಲ್ಲಿ ಕಪ್ಪು ಬಿಳಿ ಮನೆಗಳ ನಡುವೆ ಅವರು ಕಳೆದ ಹೊತ್ತು ಸಣ್ಣದಲ್ಲ. ರಾಜ್ಯ ಇಲ್ಲದವನ ಕಾಲಹರಣ ಎಂದು ತಳ್ಳಿಹಾಕುವುದು ಸುಲಭ. ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೊನೆಯ ಕೌತುಕನಿಧಿಯನ್ನು ಆಟಗಳಿಗೆ ಬಿಟ್ಟವರನ್ನು ಹಾಗೆ ತಳ್ಳಲು ನನಗೆ ಮನಸ್ಸಿಲ್ಲ. ಗಂಜೀಫಾ ಎಲೆಯಾಟವನ್ನೇ ನೋಡಿ. ದಶಾವತಾರದ ಕಟ್ಟಿನಲ್ಲಿ ಹತ್ತು ಬಣ, ಬಣಕ್ಕೆ ಹನ್ನೆರಡು, ಒಟ್ಟು 120 ಎಲೆ. ಮುಮ್ಮಡಿಯವರ ಚದ ಕಟ್ಟುಗಳು 360 ಎಲೆಗಳವರೆಗೂ ಬೆಳೆದವು. ಬಣದ ಗುರುತು, ಎಣಿಕೆ ಇಷ್ಟು ಗೊತ್ತಾದರೆ ಚಿತ್ರಗಾರ ಪ್ರತಿ ಎಲೆಯನ್ನೂ ಹೊಸದಾಗಿ ಕಲ್ಪಿಸಬೇಕಿಲ್ಲ. ಇದನ್ನು ಕೇಳಿ ಹುಡುಗ ಮೊದಲ ಸಲ ಪರದೆಯಿಂದ ಕಣ್ಣು ತೆಗೆದ.

ಅವರ ಹೆಸರಿನಲ್ಲಿ ಉಳಿದಿರುವ ಕುದುರೆಯ ನಡೆ ಇನ್ನೂ ಬಿಗಿ. ತುಳಿದ ಮನೆಗಳಿಗೆ 1, 2, 3 ಎಂದು 64ರವರೆಗೆ ಅಂಕಿ ಹಾಕುತ್ತ ಹೋದರೆ ಪ್ರತಿ ಅಡ್ಡಸಾಲೂ ಪ್ರತಿ ಕಂಬಸಾಲೂ ಕೂಡಿ 260 ಆಗುತ್ತದೆ. ಬರೀ ನಡೆ ಮುಗಿಸಲು 1823ರಲ್ಲಿ ಜರ್ಮನಿಯ ವಾರ್ನ್ಸ್‌ಡಾರ್ಫ್ ಒಂದು ಉಪಾಯ ಹೇಳಿದ್ದ: ಮುಂದೆ ಹೋಗಲು ಅತಿ ಕಡಿಮೆ ದಾರಿಗಳಿರುವ ಮನೆಗೇ ಮೊದಲು ಹೋಗು. ಇಕ್ಕಟ್ಟಿನ ಮೂಲೆಗಳನ್ನು ಕೊನೆಗೆ ಉಳಿಸಿಕೊಂಡರೆ ಕುದುರೆ ಸಿಕ್ಕಿಬೀಳುತ್ತದೆ. ಪೆನ್ಸಿಲ್ ಹಿಡಿದು ನಾನು 58ಕ್ಕೆ ಸಿಕ್ಕಿಬಿದ್ದಿದ್ದೂ ಹಾಗೆಯೇ. ಆದರೆ ಮೊತ್ತ ಸರಿಹೊಂದಿಸಲು ಆ ಉಪಾಯ ಸಾಲದು.

ಎರಡು ಕರ್ಣಗಳೂ 260 ಆಗುವ ನಡೆ ಇದೆಯೇ? 2003ರಲ್ಲಿ ಕಂಪ್ಯೂಟರುಗಳು ಎರಡು ತಿಂಗಳ ಲೆಕ್ಕದಲ್ಲಿ ಎಲ್ಲವನ್ನೂ ಜಾಲಾಡಿದವು. ತಿರುಗಿಸಿದ್ದು, ಮಗುಚಿದ್ದು ಬಿಟ್ಟರೆ ಅಡ್ಡ–ಕಂಬ ಕೂಡುವ ನಡೆಗಳು 140. ಕರ್ಣಗಳೂ ಕೂಡುವುದು ಒಂದೂ ಇಲ್ಲ. ಅರಮನೆಯಲ್ಲಿ ಅದನ್ನು ಹುಡುಕಿದ್ದರೆ, ಇಲ್ಲದ್ದನ್ನೇ ಹುಡುಕಿದಂತೆ.

“ನನ್ನ ನಿಯಮಗಳಿಂದಲೂ ಎಷ್ಟೋ ಸಲ ದಾರಿಯೇ ಇಲ್ಲದ ದ್ವೀಪ ಹುಟ್ಟುತ್ತೆ ಮಾಮ. ಓಡಿಸಿ ನೋಡದೆ ಗೊತ್ತಾಗಲ್ಲ” ಎಂದ. ಆಮೇಲೆ ನನ್ನ 58ರ ಹಾಳೆಯನ್ನು ತನ್ನತ್ತ ಎಳೆದುಕೊಂಡು, ರಬ್ಬರ್ ಕೇಳಿದ.