ಅಜ್ಜಿಯ ಒಂದೇ ಒಂದು ಪಟ

ಹೆಜಮಾಡಿ ಅಂದರೆ ಈಗ ಹೆಚ್ಚಿನವರಿಗೆ ನೆನಪಾಗುವುದು ಟೋಲ್‌ಗೇಟು. ಮೂಲ್ಕಿ ಕಡೆಯಿಂದ ಶಾಂಭವಿ ಸೇತುವೆ ದಾಟಿ ಉಡುಪಿ ಜಿಲ್ಲೆಗೆ ಕಾಲಿಟ್ಟ ಕೂಡಲೇ ಸಿಗುವ ಊರು ನಮ್ಮದು. ಒಂದು ಕಡೆ ಹೆದ್ದಾರಿ, ಇನ್ನೊಂದು ಕಡೆ ಕಡಲು, ನಡುವೆ ನಾವು. ಈ ಊರಿನ ಚರಿತ್ರೆ ಬರೆಯಲು ನಾನು ಇತಿಹಾಸಕಾರನೇನೂ ಅಲ್ಲ. ನಾಲ್ಕು ವರ್ಷದಿಂದ ಒಂದು ಹಳೇ ಫಿಲ್ಮ್ ಕ್ಯಾಮರಾ ಹಿಡಿದು ಊರಿನ ಹಿರಿಯರ ಪಟ ತೆಗೆಯುವ ಹುಚ್ಚು ಹಿಡಿದಿದೆ, ಅಷ್ಟೆ. ಪಟ ತೆಗೆಯಲು ಹೋದವನು ಪಟಗಳ ಚರಿತ್ರೆಯೊಳಗೆ ಸಿಕ್ಕಿಹಾಕಿಕೊಂಡೆ. ಅದನ್ನೇ ಬರೆಯೋಣ ಅಂತ ಕೂತಿದ್ದೇನೆ.

ಶುರುವಾದದ್ದು ನಮ್ಮ ಮನೆಯ ಗೋಡೆಯಿಂದ. ಅಲ್ಲಿ ಅಜ್ಜಿಯ ಪಟ ಒಂದಿದೆ. ದೊಡ್ಡ ಫ್ರೇಮು, ಪ್ಲಾಸ್ಟಿಕ್ ಹಾರ, ಕೆಳಗೊಂದು ಕೆಂಪು ಬಲ್ಬು. ಹತ್ತಿರ ಹೋಗಿ ನೋಡಿದರೆ ಮುಖವೇ ಕಾಣುವುದಿಲ್ಲ, ಬರೀ ಚುಕ್ಕೆ ಚುಕ್ಕೆ. ಯಾಕೆಂದರೆ ಅದು ಮತದಾರರ ಗುರುತಿನ ಚೀಟಿಯ ಪಟ. 1993ರಲ್ಲಿ ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ ಫೋಟೋ ಇರುವ ಗುರುತಿನ ಚೀಟಿ ಬಂತಲ್ಲ, ಅದರ ನಂತರ ಒಂದು ದಿನ ಶಾಲೆಯ ಜಗಲಿಯಲ್ಲಿ ಸಾಲು ನಿಲ್ಲಿಸಿ ತೆಗೆದದ್ದು. ಅಜ್ಜಿ ತೀರಿಕೊಂಡಾಗ ಬೊಜ್ಜಕ್ಕೆ ಇಡಲು ಬೇರೆ ಪಟವೇ ಇರಲಿಲ್ಲ. ಉಗುರಿನಷ್ಟು ದೊಡ್ಡ ಮುಖವನ್ನು ಗೋಡೆಯಷ್ಟು ಮಾಡಿಸಿದರು. ಎಪ್ಪತ್ತು ವರ್ಷ ಬದುಕಿದ ಹೆಂಗಸು, ಕ್ಯಾಮರಾದ ಮುಂದೆ ನಿಂತದ್ದು ಒಂದೇ ಸಲ, ಅದೂ ಸರ್ಕಾರ ಕರೆದದ್ದಕ್ಕೆ!

ನಮ್ಮ ಮನೆಯದ್ದು ಮಾತ್ರ ಈ ಕಥೆ ಅಂದುಕೊಂಡಿದ್ದೆ. ಊರಲ್ಲಿ ಕೇಳುತ್ತಾ ಹೋದ ಹಾಗೆ ಇದೇ ಕಥೆ ಮನೆಮನೆಯಲ್ಲೂ ಸಿಕ್ಕಿತು. ಗಂಡಸರದ್ದು ಸ್ವಲ್ಪ ಬೇರೆ. ಮುಂಬಯಿಯ ಹೋಟೆಲಿಗೆ ಹೋದವರು ಅಲ್ಲಿಯ ಸ್ಟುಡಿಯೋದಲ್ಲಿ ಕೋಟು ಹಾಕಿ ತೆಗೆಸಿಕೊಂಡ ಪಟ ಇರುತ್ತದೆ, ಗಲ್ಫಿಗೆ ಹೋದವರದ್ದು ಪಾಸ್‌ಪೋರ್ಟ್ ಪಟ. ಹೆಂಗಸರದ್ದಾದರೆ ಬೀಡಿ ಕಾರ್ಮಿಕರ ಗುರುತಿನ ಚೀಟಿ, ಇಲ್ಲವೇ ಮತದಾರರ ಚೀಟಿ. ಮದುವೆಯ ಗುಂಪು ಪಟದಲ್ಲಿ ಹಿಂದಿನ ಸಾಲಿನಲ್ಲಿ ಅರ್ಧ ಮುಖ ಇದ್ದರೆ ಅದೇ ಭಾಗ್ಯ.

ಹಾಗಾದರೆ ನಮ್ಮ ಕರಾವಳಿಗೆ ಕ್ಯಾಮರಾ ತಡವಾಗಿ ಬಂತಾ? ಇಲ್ಲ ಮಾರಾಯ್ರೇ, ಅದೇ ಆಶ್ಚರ್ಯ.

ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಪ್ಯಾರಿಸ್ಸಿನಲ್ಲಿ ಡಾಗೇರ್‌ನ ಫೋಟೋ ತೆಗೆಯುವ ವಿಧಾನವನ್ನು ಲೋಕಕ್ಕೆ ತಿಳಿಸಿದ್ದು 1839ರ ಆಗಸ್ಟಿನಲ್ಲಿ. ಅಂದರೆ ಮಿಷನ್ನಿನವರು ಕ್ಯಾಮರಾಕ್ಕಿಂತ ಐದು ವರ್ಷ ಮೊದಲೇ ನಮ್ಮ ಕಡಲ ದಡದಲ್ಲಿದ್ದರು. ಅವರು 1841ರಲ್ಲಿ ಮುದ್ರಣಾಲಯ ತಂದರು, 1843ರಲ್ಲಿ 'ಮಂಗಳೂರ ಸಮಾಚಾರ' ಅಚ್ಚು ಹಾಕಿದರು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಇವೆಲ್ಲ ನಾವು ಶಾಲೆಯಲ್ಲೇ ಓದಿದ್ದು. ಅವರು ಫೋಟೋಗಳನ್ನೂ ತೆಗೆದು ಊರಿಗೆ ಕಳಿಸುತ್ತಿದ್ದರು, ಆ ಸಾವಿರಾರು ಪಟಗಳು ಇವತ್ತಿಗೂ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ಜೋಪಾನವಾಗಿವೆ ಅನ್ನುವುದು ಮಾತ್ರ ಯಾರೂ ಹೇಳಿರಲಿಲ್ಲ. ಅವರ ಸಂಗ್ರಹ ಅಂತರ್ಜಾಲದಲ್ಲೂ ಇದೆ. ನಾನು ಒಂದು ಮಳೆಗಾಲವಿಡೀ ರಾತ್ರಿ ಕೂತು ಅವನ್ನು ನೋಡಿದ್ದೇನೆ. ನಮ್ಮದೇ ತೆಂಗು, ನಮ್ಮದೇ ದೋಣಿ, ನಮ್ಮದೇ ಮೂಗು-ಕಣ್ಣು. ಗಾಜಿನ ನೆಗೆಟಿವ್ ಕಾಲದ ಪಟಗಳು, ಎಷ್ಟು ಸ್ಪಷ್ಟ ಅಂದರೆ ಕಿವಿಯ ಓಲೆಯ ಕೆತ್ತನೆ ಎಣಿಸಬಹುದು.

ಆದರೆ ಕೆಳಗಿನ ಬರಹ ಓದಿದರೆ ಎದೆ ಕಸಿವಿಸಿಯಾಗುತ್ತದೆ. ಪಾದ್ರಿಯ ಹೆಸರಿರುತ್ತದೆ, ಅವರ ಹೆಂಡತಿಯದ್ದಿರುತ್ತದೆ. ನಮ್ಮವರದ್ದಾದರೆ ಹೆಚ್ಚಾಗಿ ಜಾತಿ, ಇಲ್ಲವೇ ಕಸುಬು. ಮತಾಂತರವಾಗಿ ಮಿಷನ್ನಿನ ಕೆಲಸಕ್ಕೆ ಸೇರಿದವರಿಗೆ ಹೆಸರು ಸಿಕ್ಕಿದ್ದೂ ಇದೆ. ಉಳಿದವರು ಬರೀ ಮಾದರಿಗಳು.

ಇದು ಮಿಷನ್ನಿನವರೊಬ್ಬರ ಅಭ್ಯಾಸವೂ ಅಲ್ಲ. 1857ರ ದಂಗೆಯ ನಂತರ ಬ್ರಿಟಿಷರಿಗೆ ತಾವು ಆಳುವ ಜನ ಯಾರೆಂದು ತಿಳಿಯುವ ಅವಸರ ಹತ್ತಿತು. 1868ರಿಂದ 1875ರವರೆಗೆ 'ದಿ ಪೀಪಲ್ ಆಫ್ ಇಂಡಿಯಾ' ಅಂತ ಎಂಟು ಸಂಪುಟ ತಂದರು. ನಾನೂರಕ್ಕೂ ಹೆಚ್ಚು ಪಟ, ಪ್ರತಿಯೊಂದಕ್ಕೂ ಕುಲದ ಚೀಟಿ. ಆಗ ನಮ್ಮ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮದ್ರಾಸ್ ಮ್ಯೂಸಿಯಮ್ಮಿನ ಎಡ್ಗರ್ ಥರ್ಸ್ಟನ್ ಅಳತೆಗೋಲು ಹಿಡಿದು ಜನರ ಮೂಗಿನ ಉದ್ದಗಲ ಅಳೆಯುತ್ತಿದ್ದ. ಅವನು ಕೆ. ರಂಗಾಚಾರಿಯವರ ನೆರವಿನಿಂದ 1909ರಲ್ಲಿ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಏಳು ಸಂಪುಟ ಪ್ರಕಟಿಸಿದ. ಅದರಲ್ಲಿ ಬಂಟರಿದ್ದಾರೆ, ಬಿಲ್ಲವರಿದ್ದಾರೆ, ಮೊಗೇರರಿದ್ದಾರೆ. ಮಾಹಿತಿ ಬಹಳ ಇದೆ, ಇಲ್ಲವೆನ್ನುವುದಿಲ್ಲ. ನಾನೇ ಎಷ್ಟೋ ಸಲ ತೆರೆದು ನೋಡಿದ್ದೇನೆ. ಆದರೆ ಯಾರದ್ದೋ ಅಜ್ಜನನ್ನು ನಿಲ್ಲಿಸಿ ಪಟ ತೆಗೆದು, ಹೆಸರು ಕೇಳದೆ ಕಳಿಸಿಬಿಡುವುದು ಅಂದರೆ ಎಂತ?

ಒಂದು ಕಡೆ ಹೆಸರಿಲ್ಲದ ಮುಖಗಳ ರಾಶಿ. ಇನ್ನೊಂದು ಕಡೆ ನಮ್ಮ ಮನೆಗಳಲ್ಲಿ ಅಜ್ಜಿಯ ಅಮ್ಮನ ಹೆಸರು ಗೊತ್ತು, ಅವರ ಅಮ್ಮನ ಹೆಸರೂ ಗೊತ್ತು (ಅಳಿಯಸಂತಾನದ ಕಡೆಯಲ್ಲವೇ, ಹೆಂಗಸರ ಹೆಸರು ಮರೆಯುವುದಿಲ್ಲ), ಆದರೆ ಮುಖ ಗೊತ್ತಿಲ್ಲ. ಬಾಸೆಲ್‌ನ ಪೆಟ್ಟಿಗೆಯಲ್ಲಿರುವ ಯಾವುದಾದರೂ ಮೀನಿನ ಬುಟ್ಟಿಯ ಹೆಂಗಸು ನಮ್ಮೂರವರೇ ಆಗಿರಬಹುದು. ಎರಡನ್ನೂ ಜೋಡಿಸುವ ದಾರಿ ಮಾತ್ರ ಇಲ್ಲ.

ಇನ್ನು ನಮ್ಮ ಪೇಟೆಗಳ ಸ್ಟುಡಿಯೋಗಳ ಕಾಲಕ್ಕೆ ಬರೋಣ. ಬೆಂಗಳೂರಿನಲ್ಲಿ ಜಿ.ಕೆ. ವೇಲ್ ಸ್ಟುಡಿಯೋ ಶುರುವಾದದ್ದು 1910ರಲ್ಲಿ. ಸ್ಟುಡಿಯೋ ಅಂದರೆ ದುಡ್ಡು ಕೊಟ್ಟವನ ಹೆಸರು ಲೆಕ್ಕದ ಪುಸ್ತಕದಲ್ಲಿ ಬರುತ್ತದೆ, ಪಟ ಅವನ ಮನೆಗೇ ಹೋಗುತ್ತದೆ. ಇದು ದೊಡ್ಡ ಬದಲಾವಣೆ. ಆದರೆ ದುಡ್ಡು ಇದ್ದವರಿಗೆ ಮಾತ್ರ.

ನಮ್ಮ ಕಡೆ ಐವತ್ತು ವರ್ಷ ಸ್ಟುಡಿಯೋ ನಡೆಸಿ ಈಗ ಮನೆಯಲ್ಲಿರುವ ಒಬ್ಬ ಹಿರಿಯರ ಹತ್ತಿರ ನಾನು ಆಗಾಗ ಹೋಗಿ ಕೂರುತ್ತೇನೆ. ಹಳೇ ಪಟದಲ್ಲಿ ಕುಂಕುಮ ಯಾಕೆ ಇದ್ದಿಲಿನ ಹಾಗೆ ಕಪ್ಪಗಿದೆ ಅಂತ ಕೇಳಿದೆ. ಹಳೇ ಫಿಲ್ಮಿಗೆ ಕೆಂಪು ಬಣ್ಣ ಕಾಣುವುದೇ ಇಲ್ಲವಂತೆ! ಆರ್ಥೋ ಫಿಲ್ಮು ಅದು. ನೀಲಿ, ಹಸಿರು ಗೊತ್ತಾಗುತ್ತದೆ, ಕೆಂಪು ಕತ್ತಲೆ. ಹಾಗಾಗಿ ಕೆಂಪು ಸೀರೆ ಕಪ್ಪು, ಎಲೆಯಡಿಕೆ ತಿಂದ ತುಟಿ ಕಪ್ಪು, ನಮ್ಮಂಥ ಕಂದು ಬಣ್ಣದವರ ಮುಖ ಇನ್ನೂ ಕಪ್ಪು. ಎಲ್ಲ ಬಣ್ಣ ಕಾಣುವ ಪ್ಯಾಂಕ್ರೋ ಬಂದ ಮೇಲೂ ಸ್ಟುಡಿಯೋದವರು ಆರ್ಥೋ ಬಿಡಲಿಲ್ಲ. ಕಾರಣ ಸರಳ, ಕೆಂಪು ದೀಪ ಹಾಕಿಕೊಂಡು ಕಣ್ಣಾರೆ ನೋಡುತ್ತಾ ಡೆವಲಪ್ ಮಾಡಬಹುದಿತ್ತು.

ಕಪ್ಪಾದ ಮುಖಕ್ಕೂ ಅವರ ಹತ್ತಿರ ಮದ್ದಿತ್ತು. ನೆಗೆಟಿವ್ ಮೇಲೆ ಚೂಪಾದ ಪೆನ್ಸಿಲಿನಿಂದ ಚುಕ್ಕೆ ಇಡುವುದು. ನೆಗೆಟಿವ್‌ನಲ್ಲಿ ಕಪ್ಪು ಮಾಡಿದ್ದು ಪ್ರಿಂಟಿನಲ್ಲಿ ಬಿಳಿಯಾಗುತ್ತದೆ. ಸುಕ್ಕು ಹೋಯಿತು, ಕಣ್ಣಿನ ಕೆಳಗಿನ ಕಪ್ಪು ಹೋಯಿತು. "ಬಂದವರೆಲ್ಲ ಬೆಳ್ಳಗೆ ಮಾಡಿಕೊಡಿ ಅಂತಲೇ ಹೇಳುತ್ತಿದ್ದದ್ದು ಮಾರಾಯ, ಇದ್ದ ಹಾಗೆ ಕೊಟ್ಟರೆ ಜಗಳ" ಅಂದರು ಅವರು. ಹೀಗಾಗಿ ಆ ಕಾಲದ ಪಟಗಳಲ್ಲಿ ನಮ್ಮವರ ಬಣ್ಣ ಇದ್ದದ್ದಕ್ಕಿಂತ ಒಂದೋ ಕಪ್ಪು, ಇಲ್ಲವೋ ಬಿಳಿ. ಸರಿಯಾದದ್ದು ಕಡಿಮೆ :-)

ಅವರ ನೆಗೆಟಿವ್‌ಗಳೆಲ್ಲ ಎಲ್ಲಿ ಅಂತ ಕೇಳಿದಾಗ ಮಾತ್ರ ಅವರು ಸ್ವಲ್ಪ ಹೊತ್ತು ಸುಮ್ಮನಾದರು. ಗಾಜಿನವನ್ನು ಸೋಡಾ ಹಾಕಿದ ಬಿಸಿನೀರಿನಲ್ಲಿ ಉಜ್ಜಿ ತೊಳೆದು ಪಟಕ್ಕೆ ಕಟ್ಟು ಹಾಕಲು ಬಳಸಿದರಂತೆ. ಗಾಜು ಅಷ್ಟು ತುಟ್ಟಿ ಇತ್ತು. ಫಿಲ್ಮಿನವನ್ನು ಬೆಳ್ಳಿ ತೆಗೆಯುವವರು ಬಂದು ಕಿಲೋ ಲೆಕ್ಕದಲ್ಲಿ ಒಯ್ದರು. ಉಳಿದದ್ದಕ್ಕೆ ನಮ್ಮ ಮಳೆಗಾಲ ಸಾಕಲ್ಲ, ಬೂಸ್ಟು ಹಿಡಿದು ಒಂದಕ್ಕೊಂದು ಅಂಟಿ ಹಾಳಾಯಿತು. ಒಂದು ಪೇಟೆಯ ಐವತ್ತು ವರ್ಷದ ಮುಖಗಳು. ಬಾಸೆಲ್‌ನವರು ಹೆಸರು ಬರೆಯಲಿಲ್ಲ ನಿಜ, ಪಟ ಉಳಿಸಿದರು. ನಾವು ಹೆಸರು ಬರೆದುಕೊಂಡೆವು, ಪಟ ತೊಳೆದುಬಿಟ್ಟೆವು. ಯಾರನ್ನು ಬೈಯುವುದು?

ಆಮೇಲೆ ಕ್ಯಾಮರಾ ಜನರ ಕೈಗೆ ಬಂತು. ಅಗ್ಫಾ ಕ್ಲಿಕ್ ನಿಮಗೂ ನೆನಪಿರಬಹುದು, 120 ಫಿಲ್ಮಿನಲ್ಲಿ ಹನ್ನೆರಡು ಪಟ. ನಮ್ಮೂರಿಗೆ ಅದು ಬಂದದ್ದು ಮುಂಬಯಿಯಿಂದ ರಜೆಗೆ ಬರುವವರ ಚೀಲದಲ್ಲಿ. ಸರ್ಕಾರ 1960ರಲ್ಲಿ ಊಟಿಯಲ್ಲಿ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಸ್ಥಾಪಿಸಿತು, 1967ರಿಂದ ಅಲ್ಲಿ ಫಿಲ್ಮು ತಯಾರಾಯಿತು, 'ಇಂದು' ಅನ್ನುವ ಹೆಸರಿನಲ್ಲಿ. ಆ ಕಾರ್ಖಾನೆಯೂ ಈಗಿಲ್ಲ. ಇಷ್ಟಾದರೂ ಹನ್ನೆರಡೇ ಪಟ ಇರುವ ರೋಲನ್ನು ಮೀನು ಮಾರುವ ಅಜ್ಜಿಯ ಮೇಲೆ ಯಾರು ಖರ್ಚು ಮಾಡುತ್ತಾರೆ? ಮಗು, ಮದುಮಗಳು, ಹೊಸ ಸ್ಕೂಟರ್. ಅಲ್ಲಿಗೆ ರೋಲು ಮುಗಿಯಿತು.

ಖರ್ಚು ಮಾಡಿದವರು ಇರಲಿಲ್ಲ ಅಂತಲ್ಲ. ಹೊನ್ನಾವರದ ಕೃಷ್ಣಾನಂದ ಕಾಮತರು (1934-2002) ವಿಜ್ಞಾನಿ, ಲೇಖಕ, ಜೊತೆಗೆ ಕ್ಯಾಮರಾ ಹೊತ್ತು ಊರೂರು ತಿರುಗಿದವರು. ಉತ್ತರ ಕನ್ನಡದ ಹಳ್ಳಿಯ ಹೆಂಗಸರು, ಸಂತೆ, ಕಸುಬುದಾರರು, ಏನೆಲ್ಲ ತೆಗೆದಿಟ್ಟಿದ್ದಾರೆ! ಅವರ ಮನೆಯವರು ಆ ಪಟಗಳನ್ನು ಅಂತರ್ಜಾಲಕ್ಕೆ ಏರಿಸಿದ್ದರಿಂದ ನಮ್ಮಂಥವರಿಗೂ ಸಿಕ್ಕಿತು. ಮೈಸೂರಿನ ಟಿ.ಎಸ್. ಸತ್ಯನ್ (1923-2009) ಇನ್ನೊಬ್ಬರು. 1977ರಲ್ಲಿ ಪದ್ಮಶ್ರೀ ಬಂದ ದೊಡ್ಡ ಪತ್ರಿಕಾ ಛಾಯಾಗ್ರಾಹಕ, ಆದರೆ ಅವರ ಪಟಗಳಲ್ಲಿ ನನಗೆ ಇಷ್ಟವಾಗುವುದು ಮಂತ್ರಿಗಳದ್ದಲ್ಲ, ದಾರಿಹೋಕರದ್ದು, ಮಕ್ಕಳದ್ದು. ಅವರ 'ಕಾಲಕ್ಕೆ ಕನ್ನಡಿ' ಓದದಿದ್ದರೆ ಓದಿ. ಥರ್ಸ್ಟನ್ನಿನ ಪಟಗಳ ಪಕ್ಕ ಇವರದ್ದನ್ನು ಇಟ್ಟು ನೋಡಿದರೆ, ಎದುರಿಗಿದ್ದವರ ಹತ್ತಿರ ಒಬ್ಬ ಮಾತಾಡಿದ್ದಾನೆ, ಇನ್ನೊಬ್ಬ ಮಾತಾಡಿಲ್ಲ ಅನ್ನುವುದು ಗೊತ್ತಾಗಿಬಿಡುತ್ತದೆ.

ನನ್ನ ಕ್ಯಾಮರಾ ಯಾಶಿಕಾ ಮ್ಯಾಟ್ 124ಜಿ. 1970ರಿಂದ ಎಂಬತ್ತರ ದಶಕದವರೆಗೆ ಜಪಾನಿನಲ್ಲಿ ತಯಾರಾಗುತ್ತಿದ್ದದ್ದು, ಎರಡು ಕಣ್ಣಿನ ಪೆಟ್ಟಿಗೆ. ಮೇಲಿನ ಕಣ್ಣು ನನಗೆ ನೋಡಲು, ಕೆಳಗಿನದ್ದು ಫಿಲ್ಮಿಗೆ. ಹೊಟ್ಟೆಯ ಹತ್ತಿರ ಹಿಡಿದು ತಲೆ ಬಗ್ಗಿಸಿ ನೋಡಬೇಕು. ಮೊಬೈಲು ಮುಖಕ್ಕೆ ಹಿಡಿದರೆ ಸೆರಗು ಎಳೆದುಕೊಳ್ಳುವ ಅಜ್ಜಿಯರು ಇದಕ್ಕೆ ಹೆದರುವುದಿಲ್ಲ. ಎದುರಿಗೆ ಒಬ್ಬ ತಲೆ ತಗ್ಗಿಸಿ ನಿಂತಿದ್ದಾನೆ, ಅಷ್ಟೆ. "ಎನ್ನ ಪಟ ದಾಯೆಗ್ ಮಗಾ?" ಅಂತ ಕೇಳುತ್ತಾರೆ, ನನ್ನ ಪಟ ಯಾಕೆ ಅಂತ. ಪಟ ತೆಗೆದರೆ ಆಯುಷ್ಯ ಕಡಿಮೆ ಅನ್ನುವವರೂ ಇದ್ದಾರೆ. ಆಗ ಕ್ಯಾಮರಾ ಕೆಳಗಿಟ್ಟು ಬೀಡಿ ಸುತ್ತುವುದನ್ನು ನೋಡುತ್ತಾ ಕೂರುತ್ತೇನೆ. ಬೆಳಕಿಗೆ ಜಗಲಿಯೇ ಸಾಕು. ಮಂಗಳೂರು ಹಂಚಿನ ಮಾಡಿನ ಕೆಳಗೆ ಬೆಳಗ್ಗಿನ ಹೊತ್ತು ಬರುವ ಮೆತ್ತಗಿನ ಬೆಳಕನ್ನು ಯಾವ ಸ್ಟುಡಿಯೋದವನೂ ಕೊಡಲಾರ. ಆ ಹಂಚು ತಂದವರೂ ಬಾಸೆಲ್‌ನವರೇ ಅನ್ನುವುದು ಪ್ರತಿ ಸಲವೂ ನೆನಪಾಗುತ್ತದೆ.

ಈಗ ಹೇಳಲು ಮನಸ್ಸಿಲ್ಲದ ಒಂದು ಸಂಗತಿ ಹೇಳಿಬಿಡುತ್ತೇನೆ. ಹೆಜಮಾಡಿ ಕೋಡಿಯಲ್ಲಿ ಬಲೆ ಹೆಣೆಯುತ್ತಿದ್ದ ಒಬ್ಬ ಹಿರಿಯರಿದ್ದರು. ಎಂಬತ್ತು ದಾಟಿತ್ತು. ಎರಡು ಸಲ ಬೇಡ ಅಂದವರು ಮೂರನೇ ಸಲ ಒಪ್ಪಿ, ಸ್ನಾನ ಮಾಡಿ, ಬಿಳಿ ಮುಂಡು ಉಟ್ಟು ಕೂತರು. ಅವರಿಗೆಂದೇ ಐದು ಫ್ರೇಮ್ ತೆಗೆದೆ. ಜುಲೈ ತಿಂಗಳು. ನಾನು ಮನೆಯಲ್ಲೇ ಡೆವಲಪ್ ಮಾಡುತ್ತೇನೆ, ನಮ್ಮ ನಲ್ಲಿಯ ನೀರು ಇಪ್ಪತ್ತೆಂಟು ಡಿಗ್ರಿ, ಅದನ್ನು ಇಪ್ಪತ್ತಕ್ಕೆ ತರಲು ಮಂಜುಗಡ್ಡೆ ಬೇಕು, ಆ ತಲೆಬಿಸಿಯಲ್ಲೇ ಇದ್ದೆ. ಫಿಲ್ಮು ಸುತ್ತುವ ಪ್ಲಾಸ್ಟಿಕ್ ರೀಲು ಪೂರ್ತಿ ಒಣಗಿದೆಯಾ ಅಂತ ನೋಡಲಿಲ್ಲ. ಪಸೆ ಇದ್ದರೆ ಫಿಲ್ಮು ಕಚ್ಚಿಕೊಂಡು ಸುತ್ತಿನ ಮೇಲೆ ಸುತ್ತು ಅಂಟುತ್ತದೆ, ಅಂಟಿದಲ್ಲಿ ಔಷಧ ತಾಗುವುದಿಲ್ಲ. ಹೊರಗೆ ತೆಗೆದಾಗ ಉಳಿದವರೆಲ್ಲ ಬಂದಿದ್ದರು. ಅವರ ಐದೂ ಫ್ರೇಮಿನಲ್ಲಿ ಮುಖದ ಜಾಗದಲ್ಲಿ ಹಾಲಿನ ಬಣ್ಣದ ಕಲೆ. ಮೊಣಕಾಲು, ಮುಂಡಿನ ಅಂಚು, ಬಲೆ, ಎಲ್ಲ ಇದೆ.

ಮಳೆ ಬಿಟ್ಟ ಮೇಲೆ ಮತ್ತೊಮ್ಮೆ ಹೋಗೋಣ ಅಂದುಕೊಂಡೆ. ಸೆಪ್ಟೆಂಬರಿನಲ್ಲಿ ಅವರು ಹೋಗಿಬಿಟ್ಟರು. ಸುದ್ದಿ ತಿಳಿದ ಮರುದಿನ ಅವರ ಮಗ ಬಂದು, "ನೀವು ಅಪ್ಪನ ಪಟ ತೆಗೆದಿದ್ದೀರಂತೆ ಅಲ್ವಾ" ಅಂತ ಕೇಳಿದಾಗ ನನಗೆ ನೆಲ ನೋಡದೆ ಉತ್ತರ ಕೊಡಲು ಆಗಲಿಲ್ಲ. ಬೊಜ್ಜದ ದಿನ ಹೋದೆ. ಆಧಾರ್ ಕಾರ್ಡಿನ ಪಟವನ್ನು ದೊಡ್ಡದು ಮಾಡಿಸಿ, ಕಂಪ್ಯೂಟರಿನಲ್ಲಿ ಹೆಗಲಿಗೊಂದು ಜರಿ ಶಾಲು ಹೊದಿಸಿ ಇಟ್ಟಿದ್ದರು. ಹತ್ತಿರ ಹೋದರೆ ಚುಕ್ಕೆ ಚುಕ್ಕೆ.

ಆ ನೆಗೆಟಿವನ್ನು ಎಸೆದಿಲ್ಲ. ಕವರಿನ ಮೇಲೆ ಅವರ ಹೆಸರು, ಮನೆಯ ಹೆಸರು, ತಾರೀಕು ಬರೆದಿದ್ದೇನೆ. ಉಳಿದ ಎಲ್ಲ ಕವರುಗಳ ಮೇಲೂ ಹಾಗೇ ಪೆನ್ಸಿಲಿನಲ್ಲಿ ಬರೆಯುತ್ತೇನೆ, ಪೆನ್ನಿನ ಶಾಯಿ ಪಸೆಗೆ ಹರಡುತ್ತದೆ. ಹೆಂಗಸರದ್ದಾದರೆ ಅವರ ತಾಯಿಯ ಹೆಸರನ್ನೂ ಕೇಳಿ ಬರೆಯುತ್ತೇನೆ. ಆ ಹೆಸರುಗಳನ್ನು ಇಲ್ಲಿ ಹಾಕುವುದಿಲ್ಲ, ಅವು ಆಯಾ ಮನೆಯವರದ್ದು. ಪ್ರಿಂಟು ಒಂದು ಅವರ ಮನೆಗೆ, ಒಂದು ನನ್ನ ಡಬ್ಬಕ್ಕೆ, ಡಬ್ಬದೊಳಗೆ ಸಿಲಿಕಾ ಜೆಲ್. ರೀಲನ್ನು ಈಗ ಅನ್ನದ ಅಕ್ಕಿಯ ಡಬ್ಬದಲ್ಲಿ ಹೂತಿಟ್ಟು ಒಣಗಿಸುತ್ತೇನೆ. ಅದಕ್ಕೆ ಅಮ್ಮನಿಂದ ಬೈಗುಳ ತಿಂದಾಗಿದೆ.

ನಿಮ್ಮ ಮನೆಯ ಅಟ್ಟದಲ್ಲಿ ಗಾಜಿನ ನೆಗೆಟಿವ್ ಏನಾದರೂ ಇದ್ದರೆ ದಯವಿಟ್ಟು ತೊಳೆಯಬೇಡಿ. ಬೂಸ್ಟು ಹಿಡಿದಿದ್ದರೂ ಪರವಾಗಿಲ್ಲ, ನೀರು ಮುಟ್ಟಿಸಬೇಡಿ. ಕಾಗದದಲ್ಲಿ ಸುತ್ತಿ ಅಡ್ಡಡ್ಡ ಪೇರಿಸದೆ ನೆಟ್ಟಗೆ ನಿಲ್ಲಿಸಿಡಿ, ಯಾರದ್ದೆಂದು ಗೊತ್ತಿದ್ದರೆ ಇವತ್ತೇ ಬರೆದಿಡಿ.

ನಾಡಿದ್ದು ಭಾನುವಾರ ಬೆಳಗ್ಗೆ ಹಳೇ ಸೇತುವೆಯ ಹತ್ತಿರ ಮೀನು ಮಾರುವ ಅಕ್ಕನೊಬ್ಬರು ಬರಲು ಹೇಳಿದ್ದಾರೆ, ಮಾರಾಟ ಮುಗಿದ ಮೇಲೆ, ಸೀರೆ ಬದಲಿಸಿಕೊಂಡು ಕೂರುತ್ತಾರಂತೆ. ರೋಲಿನಲ್ಲಿ ಇನ್ನು ಏಳು ಫ್ರೇಮ್ ಉಳಿದಿದೆ.